ಸ್ಕೌಟ್ಸ್ ಮತ್ತು ಗೈಡ್ಸ್ ಸೇರ್ಪಡೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಜೂನ್ ತಿಂಗಳಲ್ಲಿ ಹೆಸರು ಕೊಟ್ಟ ಮಕ್ಕಳಲ್ಲಿ ಹಲವರನ್ನು ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಸೇರಿಸಿಕೊಳ್ಳದೆ ಕಾಯುವ ಪಟ್ಟಿಯಲ್ಲಿ ಇಟ್ಟಿರುವುದಕ್ಕೂ, ಈ ತಿಂಗಳ ಚಾರಣವನ್ನು ಮುಂದೂಡಿರುವುದಕ್ಕೂ ನಿಮ್ಮಲ್ಲಿ ಕೆಲವರು ಬೇಸರ ವ್ಯಕ್ತಪಡಿಸಿದ್ದೀರಿ. ಲಿಖಿತ ದೂರುಗಳೂ ಬಂದಿವೆ. ಶಾಲೆಗೇ ಆಸಕ್ತಿಯಿಲ್ಲ ಎಂಬ ಮಾತು ಒಂದು ದೂರಿನಲ್ಲಿದೆ. ಆಸಕ್ತಿಯಿಲ್ಲದ ಶಾಲೆಯಲ್ಲಿ ಶನಿವಾರದ ಬೆಳಗಿನ ತರಗತಿ ಬಿಟ್ಟ ಮೇಲೂ ಮಕ್ಕಳು ಊಟದ ಡಬ್ಬಿ ಹಿಡಿದು ಮೈದಾನದಲ್ಲಿ ಉಳಿಯುವುದಿಲ್ಲ ಎಂದಷ್ಟೇ ಹೇಳಿ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಎರಡು ಪ್ಯಾಟ್ರೋಲ್ (ಮಕ್ಕಳ ಸಣ್ಣ ತಂಡ) ತುಂಬುವುದೂ ಕಷ್ಟವಿತ್ತು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ ದೊಡ್ಡ ಸಮ್ಮೇಳನಕ್ಕೆ, ಹೋದ ನಮ್ಮ ಮಕ್ಕಳು ಬೇರೆ ರಾಜ್ಯದವರಿಂದ ಪಡೆದ ಸ್ಕಾರ್ಫು, ಬ್ಯಾಡ್ಜುಗಳನ್ನು ತಂದು ತೋರಿಸಿದ ಮೇಲೆ ಪ್ರತಿ ವರ್ಷವೂ ಸಂಖ್ಯೆ ಏರುತ್ತಿದೆ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇರುವುದು ಮನೆಮನೆಗೂ ತಿಳಿದಿರುವುದೂ ಇದಕ್ಕೆ ಒಂದು ಕಾರಣವಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಸ್ಕೌಟ್ ದಳದಲ್ಲಿ ಆರರಿಂದ ಎಂಟು ಮಕ್ಕಳ ನಾಲ್ಕು ಪ್ಯಾಟ್ರೋಲ್, ಅಂದರೆ ಹೆಚ್ಚೆಂದರೆ 32 ಮಕ್ಕಳು ಇರಬೇಕು. ಎರಡನೆಯ ದಳ ಬೇಕೆಂದರೆ ತರಬೇತಿ ಪಡೆದ ಮತ್ತೊಬ್ಬ ಸ್ಕೌಟ್ ಮಾಸ್ಟರ್ ಬೇಕು. ಗೈಡ್ಸ್ ವಿಭಾಗವನ್ನು ಮಹಿಳೆಯರೇ ನಡೆಸಬೇಕಾದ್ದರಿಂದ ಅಲ್ಲಿ ನಮ್ಮ ಕೈ ಇನ್ನೂ ಕಟ್ಟಿದೆ.

“ಶುಲ್ಕ ಹೆಚ್ಚಿಸಿ, ತರಬೇತುದಾರರನ್ನು ನೇಮಿಸಿಕೊಳ್ಳಿ” ಎಂದು ಹಲವರು ಹೇಳಿದ್ದೀರಿ. ಸದುದ್ದೇಶದ ಸಲಹೆ, ಅದಕ್ಕೆ ಕೃತಜ್ಞಳಾಗಿದ್ದೇನೆ, ಆದರೂ ಒಪ್ಪಲಾರೆ. ಕರಾಟೆಗೋ ಕಂಪ್ಯೂಟರಿಗೋ ಹೊರಗಿನವರನ್ನು ಕರೆಸಬಹುದು, ಕರೆಸಿದ್ದೇವೆ ಕೂಡ. ಗಂಟೆಯ ಲೆಕ್ಕದಲ್ಲಿ ಬಂದು ಹೋಗುವವರು ರಾತ್ರಿ ಶಿಬಿರದಲ್ಲಿ ಮಗುವಿಗೆ ಜ್ವರ ಬಂದರೆ ಪಕ್ಕದಲ್ಲಿ ಕೂರುವುದಿಲ್ಲ. ಈಗ ದಳ ನಡೆಸುತ್ತಿರುವ ಇಬ್ಬರು ಶಿಕ್ಷಕರೂ ಪೂರ್ಣ ತರಗತಿಗಳನ್ನು ತೆಗೆದುಕೊಂಡೇ, ತಮ್ಮ ರಜೆಯಲ್ಲಿ ಏಳು ದಿನಗಳ ಮೂಲ ತರಬೇತಿ ಮುಗಿಸಿ ಬಂದವರು. ಅವರಿಗೆ ಇದಕ್ಕಾಗಿ ಪ್ರತ್ಯೇಕ ಸಂಬಳವಿಲ್ಲ. ಅವರ ಮೇಲೆ ಇನ್ನಷ್ಟು ಮಕ್ಕಳನ್ನು ಹೇರಿ, ಅವರಿಗೂ ಸಾಕಾಗಿ ಬಿಟ್ಟುಬಿಟ್ಟರೆ ಈಗಿರುವ 32 ಮಕ್ಕಳ ಅವಕಾಶವೂ ಹೋಗುತ್ತದೆ.

ಕಳೆದ ತಿಂಗಳ ಅಡುಗೆ ಅಭ್ಯಾಸವನ್ನೇ ನೋಡಿ. ನಾಲ್ಕು ಪ್ಯಾಟ್ರೋಲ್, ನಾಲ್ಕು ಒಲೆ. ಮೂರು ಬಿದಿರ ಗಳಗಳನ್ನು ಹಗ್ಗದಿಂದ ಬಿಗಿದು, ನಡುವೆ ಪಾತ್ರೆ ತೂಗುಹಾಕಿ, ಕೆಳಗೆ ಬೆಂಕಿ ಮಾಡಬೇಕು. ಮೊದಲ ಗಂಟು ಸಡಿಲವಾದರೆ ಅದರ ಮೇಲಿನ ಸುತ್ತುಗಳೆಲ್ಲ ಜಾರಿ, ಕುದಿಯುವ ಅನ್ನದ ಪಾತ್ರೆ ಮಕ್ಕಳ ಕಾಲ ಮೇಲೇ ಬೀಳುತ್ತದೆ. ಆದ್ದರಿಂದ ದೊಡ್ಡವರೊಬ್ಬರು ಪ್ರತಿ ಗಂಟನ್ನೂ ಕೈಯಿಂದ ಎಳೆದು ನೋಡಿಯೇ ಬೆಂಕಿಗೆ ಅನುಮತಿ ಕೊಡಬೇಕು. ಅಂದು ಒಂದೊಂದು ಒಲೆಗೂ ಸರದಿ ಕಾಯಬೇಕಾಯಿತು. ಕೊನೆಯ ಪ್ಯಾಟ್ರೋಲ್ ಊಟ ಮಾಡಿದ್ದು ನಾಲ್ಕು ಗಂಟೆಗೆ. ಸುರಕ್ಷತೆಯ ಈ ಎಚ್ಚರವನ್ನು “ಅತಿಯಾದ ಕಟ್ಟುನಿಟ್ಟು” ಎಂದವರಿದ್ದಾರೆ. ಅದೇ ಪೋಷಕರು ಮಗುವಿನ ಕೈಗೆ ಬೊಬ್ಬೆ ಬಂದರೆ ಮೊದಲು ನನ್ನನ್ನೇ ಕೇಳುತ್ತಾರೆ, ಕೇಳಬೇಕು ಕೂಡ. ಚಾರಣಕ್ಕೂ ಇದೇ ಮಾತು ಅನ್ವಯಿಸುತ್ತದೆ: ಸಾಲಿನ ಮುಂದೆ ಒಬ್ಬರು, ಹಿಂದೆ ಒಬ್ಬರು, ಹೆಣ್ಣುಮಕ್ಕಳಿದ್ದರೆ ಮಹಿಳೆಯೊಬ್ಬರು ಇಲ್ಲದೆ ಮಕ್ಕಳು ಗೇಟು ದಾಟುವುದಿಲ್ಲ.

ಅದಕ್ಕೇ ನಿಮ್ಮಲ್ಲಿ ಕೆಲವರು ಶನಿವಾರ ಶಾಲೆಗೆ ಬಂದು ನಮ್ಮೊಂದಿಗೆ ಕೈಜೋಡಿಸಬೇಕೆಂದು ಕೇಳುತ್ತಿದ್ದೇನೆ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಶನಿವಾರ ಸಂತೆಯ ದಿನ, ಅಂಗಡಿ ಬಿಟ್ಟು ಬರುವುದು ಸುಲಭವಲ್ಲ. ಬಿತ್ತನೆ, ಕೊಯ್ಲಿನಲ್ಲಿ ಹೊಲ ಬಿಡಲಾಗದು. “ನಮಗೆ ಸ್ಕೌಟ್ ಗೊತ್ತಿಲ್ಲವಲ್ಲ ಮೇಡಂ” ಎಂದು ಸಂಕೋಚಪಡುವವರೂ ಇದ್ದೀರಿ. ಆರಂಭದಲ್ಲಿ ಗೊತ್ತಿರಬೇಕಾದ್ದು ಹೆಚ್ಚೇನಿಲ್ಲ. ಹಾಜರಿ ಹಾಕುವುದು, ನೀರು ತುಂಬಿಸುವುದು, ಒಲೆಯ ಬಳಿ ನಿಲ್ಲುವುದು, ಇಷ್ಟೇ. ನರ್ಸಮ್ಮ ಒಬ್ಬರು ಬಂದು ಬ್ಯಾಂಡೇಜು ಕಟ್ಟುವುದನ್ನು ಕಲಿಸಿದರೆ ಪ್ರಥಮ ಚಿಕಿತ್ಸೆಯ ಪಾಠ ನಾವು ಪುಸ್ತಕ ನೋಡಿ ಹೇಳುವುದಕ್ಕಿಂತ ಚೆನ್ನಾಗಿಯೇ ಆಗುತ್ತದೆ. ಅಜ್ಜ, ಅಜ್ಜಿ, ಚಿಕ್ಕಪ್ಪ, ಕಾಲೇಜು ಮುಗಿಸಿದ ಅಕ್ಕ, ಯಾರು ಬಂದರೂ ಸರಿ. ಮುಂದೆ ಮನಸ್ಸಿದ್ದವರನ್ನು ಮೂಲ ತರಬೇತಿಗೆ ಕಳುಹಿಸುತ್ತೇವೆ; ಎರಡನೆಯ ದಳ ಆರಂಭವಾಗುವುದು ಅವರಿಂದಲೇ.

ಎರಡು ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಸ್ವಯಂಸೇವಕರಾಗಿ ಬರುವವರು ಗುರುತಿನ ಚೀಟಿಯ ಪ್ರತಿ ಕೊಡಬೇಕು, ಮತ್ತು ಯಾವ ಮಗುವಿನೊಂದಿಗೂ ಒಬ್ಬರೇ ಇರುವಂತಿಲ್ಲ. ನಮ್ಮ ಶಿಕ್ಷಕರಿಗೂ ಇದೇ ನಿಯಮ. ಹಾಗೆಯೇ, ನೀವು ಬಂದಿರೆಂದು ನಿಮ್ಮ ಮಗು ಕಾಯುವ ಪಟ್ಟಿಯಲ್ಲಿ ಮೇಲೆ ಹೋಗುವುದಿಲ್ಲ, ಬರಲಿಲ್ಲವೆಂದು ಕೆಳಗೂ ಇಳಿಯುವುದಿಲ್ಲ. ದುಡಿಮೆ ಬಿಟ್ಟು ಬರಲಾಗದ ಮನೆಯ ಮಕ್ಕಳಿಗೆ ಅದು ಅನ್ಯಾಯವಾಗುತ್ತದೆ. ಹೆಸರು ಕೊಟ್ಟ ದಿನಾಂಕವೇ ಆಧಾರ. ಪಟ್ಟಿ ಸೂಚನಾ ಫಲಕದಲ್ಲಿದೆ.

ತಿಂಗಳಿಗೆ ಒಂದು ಶನಿವಾರ, ಮಧ್ಯಾಹ್ನ 12ರಿಂದ 2ರವರೆಗೆ ಬರಬಲ್ಲವರು ಈ ತಿಂಗಳ ಕೊನೆಯೊಳಗೆ ಶಾಲಾ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.

ಸಾಕಷ್ಟು ಹೆಸರು ಬಂದ ವಾರವೇ ಚಾರಣದ ಹೊಸ ದಿನಾಂಕವನ್ನು ಮಕ್ಕಳ ಡೈರಿಯಲ್ಲಿ ಬರೆದು ಕಳುಹಿಸುತ್ತೇವೆ. ದಯವಿಟ್ಟು ಅದಕ್ಕೆ ಸಹಿ ಮಾಡಿ ಕಳುಹಿಸಿರಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ