ಇವತ್ತು ಊಟಕ್ಕೆ ಯಾರು ಬಂದಿಲ್ಲ?

ಡೊಂಬಿವಲಿ,
ರವಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಪುಣೆಯ ನಿಮ್ಮ ಹಾಸ್ಟೆಲಿನ ಪಿಎಚ್.ಡಿ. ಹುಡುಗಿಯರೆಲ್ಲ ಸೇರಿ ನಿನ್ನನ್ನು ಪ್ರತಿನಿಧಿಯಾಗಿ ಆರಿಸಿದ್ದು ಕೇಳಿ ಸಂತೋಷವಾಯಿತು. "ಮೊದಲು ಏನು ಮಾಡಲಿ ಅವ್ವಾ?" ಅಂದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಕೂತು ಬರೆಯುತ್ತಿದ್ದೇನೆ.

ಎಂ.ಎ. ಓದುವ ಹುಡುಗಿ ನಾಲ್ಕು ದಿನ ಕ್ಲಾಸಿಗೆ ಹೋಗದಿದ್ದರೆ ಹಾಜರಿ ಪುಸ್ತಕ ಹೇಳುತ್ತದೆ, ಪಕ್ಕದ ಬೆಂಚಿನವಳು ಕೇಳುತ್ತಾಳೆ. ಕೋರ್ಸ್‌ವರ್ಕ್ ಮುಗಿದ ಪಿಎಚ್.ಡಿ. ಹುಡುಗಿಗೆ ಹಾಜರಿಯೂ ಇಲ್ಲ, ಬೆಂಚೂ ಇಲ್ಲ. ಹಾಸ್ಟೆಲಿನವರು ಲ್ಯಾಬಿನಲ್ಲಿದ್ದಾಳೆ ಅಂದುಕೊಳ್ಳುತ್ತಾರೆ, ಲ್ಯಾಬಿನವರು ಲೈಬ್ರರಿಯಲ್ಲಿದ್ದಾಳೆ ಅಂದುಕೊಳ್ಳುತ್ತಾರೆ, ಗೈಡ್ ಊರಿಗೆ ಹೋಗಿರಬೇಕು ಅಂದುಕೊಳ್ಳುತ್ತಾರೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿರುತ್ತಾಳೆ. ಯಾರೂ ಹೀಗೆ ಕಾಣೆಯಾಗದ ಹಾಗೆ ನೋಡಿಕೊಳ್ಳುವುದೇ ನಿನ್ನ ಮುಖ್ಯ ಕೆಲಸ. ಟಿವಿ ಕೋಣೆಯ ಸೋಫಾ, ವಾರ್ಷಿಕ ಗ್ಯಾದರಿಂಗಿನ ಪೆಂಡಾಲು ಎಲ್ಲ ಆಮೇಲೆ.

ಅದಕ್ಕೆ ಮೆಸ್ಸಿನಿಂದಲೇ ಶುರು ಮಾಡು. ಒಬ್ಬಳು ಮೂರು ಹೊತ್ತು ಸತತ ಊಟಕ್ಕೆ ಬಂದಿಲ್ಲ ಎಂಬುದು ಬಡಿಸುವ ಮಾವಶಿಗೆ ವಾರ್ಡನ್‌ಗಿಂತ ಮೊದಲೇ ಗೊತ್ತಾಗುತ್ತದೆ. ಅವರ ಹೆಸರು ಕೇಳಿ ತಿಳಿದುಕೋ, ಮರಾಠಿಯಲ್ಲೇ ಮಾತಾಡಿಸು, ಯಾರಾದರೂ ಕಾಣದಿದ್ದರೆ ಒಂದು ಮಾತು ಹೇಳಿ ಅಂತ ವಿನಂತಿಸು. ಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಡ, ಗ್ರೂಪಿನಲ್ಲಿ ಹೆಸರು ಹಾಕಬೇಡ. ಹಾಗೆ ಮಾಡಿದರೆ ನೀನು ಕಾವಲುಗಾರ್ತಿಯಾಗುತ್ತೀ, ಮರುದಿನದಿಂದ ಯಾರೂ ನಿನ್ನ ಹತ್ತಿರ ಬಾಯಿ ಬಿಡುವುದಿಲ್ಲ. ಸುಮ್ಮನೆ ಹೋಗಿ ಬಾಗಿಲು ತಟ್ಟಿ, "ಊಟಕ್ಕೆ ಹೊರಟೆ, ಬರ್ತೀಯಾ?" ಅಂದರೆ ಸಾಕು. ಜ್ವರ ಬಂದು ಮಲಗಿದವಳಿಗೆ ಡಬ್ಬಿಯಲ್ಲಿ ಊಟ ಕೋಣೆಗೆ ಒಯ್ಯಲು ವಾರ್ಡನ್ನರಿಂದ ಮೊದಲೇ ಒಪ್ಪಿಗೆ ಬರೆಸಿಟ್ಟುಕೋ. ಊಟ ಹೊರಗೆ ಒಯ್ಯುವಂತಿಲ್ಲ ಎಂಬ ನಿಯಮ ಬಹಳ ಹಾಸ್ಟೆಲುಗಳಲ್ಲಿದೆ. ಅದು ಅಡ್ಡ ಬರುವುದು ಕಾಯಿಲೆಯವರಿಗೇ.

ಇನ್ನು ರಜೆಯ ಲೆಕ್ಕ. ಪುಣೆಯಲ್ಲಿ ರವಿವಾರ ರಾತ್ರಿ ಮೆಸ್ ಬಂದ್ ಇರುವುದು ವಾಡಿಕೆ, ದೀಪಾವಳಿಗೆ ಇನ್ನೂ ಹೆಚ್ಚು ದಿನ. ಮೆಸ್ಸಿನವರು ಎಂ.ಎ., ಎಂ.ಎಸ್ಸಿ. ಮಕ್ಕಳ ರಜೆ ನೋಡಿ ಬೀಗ ಹಾಕುತ್ತಾರೆ. ಆದರೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಫೆಲೋಶಿಪ್ ಪಡೆಯುವವರಿಗೆ ಸರ್ಕಾರಿ ರಜೆ ಬಿಟ್ಟರೆ ವರ್ಷಕ್ಕೆ 30 ದಿನ ಮಾತ್ರ ರಜೆ, ಬೇಸಿಗೆ ರಜೆ ದೀಪಾವಳಿ ರಜೆ ಎಂದು ಬೇರೆ ಇಲ್ಲ. ಹಾಗಾಗಿ ದೀಪಾವಳಿಗೂ ಹತ್ತು ಹದಿನೈದು ಜನ ಹಾಸ್ಟೆಲಿನಲ್ಲಿ ಉಳಿದೇ ಉಳಿಯುತ್ತಾರೆ. ದಸರೆಯ ಹೊತ್ತಿಗೇ ಯಾರು ಉಳಿಯುತ್ತಾರೆ ಎಂದು ಎಣಿಸಿ, ಹತ್ತಿರದ ಖಾನಾವಳಿಯವರ ಹತ್ತಿರ ಡಬ್ಬಿ ಗೊತ್ತು ಮಾಡು. ಹಬ್ಬದ ಮುಂಚಿನ ವಾರ ಹೋದರೆ ಖಾನಾವಳಿಯ ಅಡುಗೆಯವರೂ ಊರಿಗೆ ಹೊರಟಿರುತ್ತಾರೆ.

ವಾರಕ್ಕೊಮ್ಮೆ ಚಹಾ ಇಟ್ಟುಕೋ. ಗುರುವಾರ ಸಂಜೆ ಆರಕ್ಕೆ, ಪ್ರತಿ ವಾರ ಅದೇ ಹೊತ್ತು, ಅದೇ ಜಾಗ. ಭಾಷಣ ಬೇಡ, ಪರಿಚಯದ ಆಟಗಳು ಬೇಡ. ಮಾತಾಡದವರೂ ಒಂದು ಕಪ್ಪು ಹಿಡಿದು ಹತ್ತು ನಿಮಿಷ ನಿಂತು ಹೋಗುವಂತಿರಲಿ. 40 ಜನಕ್ಕೆ ಎರಡೂವರೆ ಲೀಟರ್ ಹಾಲು, ಎರಡು ಲೀಟರ್ ನೀರು, 100 ಗ್ರಾಂ ಚಹಾಪುಡಿ, ಒಂದು ಹಿಡಿ ಶುಂಠಿ. ಶುಂಠಿ ಜಜ್ಜಿ ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸು, ಪುಡಿ ಹಾಕಿ ಬಣ್ಣ ಬಿಟ್ಟ ಮೇಲೆ ಹಾಲು ಸುರಿ. ಹಸಿ ಶುಂಠಿ ನೇರ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಸಕ್ಕರೆ ಬೇರೆ ಇಡು, ಬೇಡದವರಿರುತ್ತಾರೆ. ಮಾಡುವುದು ಮೆಸ್ಸಿನ ಒಲೆಯಲ್ಲೇ ಆಗಲಿ. ಕೋಣೆಯಲ್ಲಿ ಎರಡು ಇಂಡಕ್ಷನ್ ಒಟ್ಟಿಗೆ ಹಚ್ಚಿದರೆ ಇಡೀ ಮಹಡಿಯ ಕರೆಂಟು ಹೋಗುತ್ತದೆ, ಮಾರನೆಯ ದಿನ ಚಹಾಕ್ಕೇ ನಿಷೇಧ ಬರುತ್ತದೆ. ಮೊದಲ ಮೂರು ವಾರ ಆರು ಜನ ಬಂದರೂ ನಿಲ್ಲಿಸಬೇಡ. ಏರಂಡವಣೆಯ ಕನ್ನಡ ಸಂಘಕ್ಕೆ ನಮ್ಮ ಮಾತು ಕೇಳಲು ಹೋಗಿಬಾ, ಆದರೆ ಈ ಚಹಾ ಕನ್ನಡದವರ ಗುಂಪಾಗಬಾರದು. ನಾಗಾಲ್ಯಾಂಡಿನ ಹುಡುಗಿ, ನಾಂದೇಡದ ಹುಡುಗಿ ಇಬ್ಬರಿಗೂ ಅದು ತಮ್ಮದು ಅನ್ನಿಸಬೇಕು.

ಹುಡುಗಿಯರು ಮೆಸ್ ಬಿಡುವುದಕ್ಕೆ ಎಷ್ಟೋ ಸಲ ಹಸಿವಿಲ್ಲದ್ದು ಕಾರಣವಲ್ಲ, ದುಡ್ಡಿಲ್ಲದ್ದು. 2023ರ ಜನವರಿಯಿಂದ ಮೊದಲ ಎರಡು ವರ್ಷದ ಕಿರಿಯ ಫೆಲೋಶಿಪ್ ಆದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಆಮೇಲಿನ ಹಿರಿಯ ಫೆಲೋಶಿಪ್ ಆದ ಎಸ್‌ಆರ್‌ಎಫ್ 42,000. ಕಾಗದದ ಮೇಲೆ ಒಳ್ಳೆಯ ಮೊತ್ತ, ಆದರೆ ತಿಂಗಳು ತಿಂಗಳಿಗೆ ಬರುವ ಭರವಸೆಯಿಲ್ಲ. ವಿದ್ಯಾರ್ಥಿನಿ ಸಂಶೋಧನೆ ಮುಂದುವರಿಸಿದ್ದಾಳೆ ಎಂದು ಸಂಸ್ಥೆ ಪ್ರತಿ ತಿಂಗಳೂ ಆನ್‌ಲೈನಿನಲ್ಲಿ ದೃಢಪಡಿಸಬೇಕು. ಅದನ್ನು ತುಂಬುವ ಗುಮಾಸ್ತರು ಮೇಕರ್, ಒಪ್ಪಿಗೆ ಕೊಡುವ ಅಧಿಕಾರಿ ಚೆಕರ್. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಆ ತಿಂಗಳು ತಪ್ಪಿತು. ಆಧಾರ್ ಜೋಡಣೆಯಾಗದ ಖಾತೆ, ಬ್ಯಾಂಕಿನಲ್ಲೊಂದು ಮಂಜೂರಿ ಪತ್ರದಲ್ಲೊಂದು ಹೆಸರು, ಮನೆ ಬಾಡಿಗೆ ಭತ್ಯೆಯ ಪ್ರಮಾಣಪತ್ರ ಕೊಡದಿರುವುದು, ಇವೂ ಹಣ ನಿಲ್ಲಲು ಕಾರಣ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿಬೀಳುವುದು ಎರಡು ವರ್ಷ ತುಂಬಿದಾಗ. ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರಲು ಸಮಿತಿ ಕೂತು ಕೆಲಸ ನೋಡಬೇಕು, ಹೊರಗಿನ ತಜ್ಞರ ತಾರೀಕು ಸಿಗುವುದೇ ಕಷ್ಟ. ಹಾಸ್ಟೆಲಿನಲ್ಲಿ ಯಾರಿಗೆ ಯಾವಾಗ ಎರಡು ವರ್ಷ ತುಂಬುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ತಿಂಗಳು ಮೊದಲೇ ನೆನಪಿಸು.

ಹಣ ತಡವಾದ ತಿಂಗಳಿಗೊಂದು ಸಣ್ಣ ಗಂಟು ಮಾಡಿ. 60 ಜನ ತಿಂಗಳಿಗೆ 100 ರೂಪಾಯಿ ಹಾಕಿದರೆ ಆರು ತಿಂಗಳಿಗೆ 36,000. ಒಬ್ಬರಿಗೆ ಹೆಚ್ಚೆಂದರೆ 4,000, ಬಡ್ಡಿ ಇಲ್ಲ, ಫೆಲೋಶಿಪ್ ಬಂದ ವಾರದೊಳಗೆ ವಾಪಸು. ಲೆಕ್ಕ ಇಬ್ಬರ ಕೈಯಲ್ಲಿರಲಿ, ನೀನೊಬ್ಬಳೇ ಇಟ್ಟುಕೊಳ್ಳಬೇಡ. ತಿಂಗಳ ಲೆಕ್ಕ ಎಲ್ಲರಿಗೂ ತೋರಿಸು, ಸಾಲ ತೆಗೆದುಕೊಂಡವರ ಹೆಸರು ಮಾತ್ರ ತೋರಿಸಬೇಡ. ಫೆಲೋಶಿಪ್ಪೇ ಇಲ್ಲದೆ ಟ್ಯೂಷನ್ ಹೇಳಿ ಓದುವವರೂ ನಿಮ್ಮಲ್ಲಿದ್ದಾರೆ, ಅವರಿಗೆ 100 ರೂಪಾಯಿಯ ಒತ್ತಾಯ ಬೇಡ.

ನೀರಿನ ವಿಷಯ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಕೆಟ್ಟ ನೀರಿನ ಸೋಂಕಿನಿಂದ ಜಿಬಿಎಸ್ ಎಂಬ ನರಗಳ ಕಾಯಿಲೆ ಹಬ್ಬಿ ಎಷ್ಟೋ ಜನರ ಕೈಕಾಲಿನ ಬಲವೇ ಹೋಗಿತ್ತು, ಮರೆಯಬೇಡ. ಟ್ಯಾಂಕ್ ಯಾವತ್ತು ತೊಳೆದರು ಎಂಬ ತಾರೀಕು ಟ್ಯಾಂಕಿನ ಮೇಲೇ ಬರೆಸು. ನೀರಿನಲ್ಲಿ ಕ್ಲೋರಿನ್ ಇದೆಯೇ ಎಂದು ನೋಡುವ ಕ್ಲೋರೋಸ್ಕೋಪ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ನಲ್ಲಿಯ ನೀರನ್ನು ಅದರ ಗಾಜಿನ ಕೊಳವೆಯಲ್ಲಿ ಗುರುತಿನವರೆಗೆ ತುಂಬಿ, ಅದರಲ್ಲಿರುವ ದ್ರಾವಣದ ಹನಿ ಬಿಟ್ಟು, ಕೂಡಲೇ ಬಿಳಿ ಕಾಗದದ ಮುಂದೆ ಹಿಡಿದು ನೋಡು. ತೆಳು ಹಳದಿ ಬಂದರೆ ಕ್ಲೋರಿನ್ ಇದೆ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು, ಬಣ್ಣದ ಪಟ್ಟಿ ಜೊತೆಗೇ ಇರುತ್ತದೆ. ಏನೂ ಬಣ್ಣ ಬರದಿದ್ದರೆ ಅವತ್ತೇ ವಾರ್ಡನ್ನರಿಗೆ ಬರೆದು ಕೊಡು. ಆ ಕೊಳವೆಯ ನೀರು ಚೆಲ್ಲಿ ಕೈ ತೊಳೆದುಕೋ. ಪರೀಕ್ಷಿಸುವುದು ಅಡುಗೆಮನೆಯ ಕೊನೆಯ ನಲ್ಲಿಯಲ್ಲಿ, ಟ್ಯಾಂಕಿನ ಹತ್ತಿರ ಅಲ್ಲ.

ಇನ್ನು ಕಷ್ಟದ ಭಾಗ. ನಿನ್ನ ಹತ್ತಿರ ಬರುವ ದೂರುಗಳಲ್ಲಿ ಎರಡು ದಾರಿ ಬೇರೆ ಬೇರೆ, ಬೆರೆಸಬೇಡ. ಶುಲ್ಕ, ಹಾಸ್ಟೆಲ್ ಹಂಚಿಕೆ, ಕಾಗದಪತ್ರ ತಡೆಹಿಡಿಯುವುದು, ತಾರತಮ್ಯ, ಇಂಥವು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ. ಯುಜಿಸಿಯ 2023ರ ನಿಯಮದಂತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮೇಲ್ಮನವಿ ಕೇಳುವ ಒಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಬಾಯಿಮಾತಿನ ದೂರಿಗೆ ದಿನ ಎಣಿಸಲು ಬರುವುದಿಲ್ಲ. ಇನ್‌ವರ್ಡ್ ನಂಬರು, ಅಂದರೆ ಕಚೇರಿಯ ಸ್ವೀಕೃತಿ ಸಂಖ್ಯೆ, ಹಾಕಿಸಿ ಪ್ರತಿ ಇಟ್ಟುಕೊಳ್ಳಲು ಹೇಳು.

ಲೈಂಗಿಕ ಕಿರುಕುಳವಾದರೆ ದಾರಿ ಆಂತರಿಕ ಸಮಿತಿಯದು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಪಿಎಚ್.ಡಿ. ಹುಡುಗಿಯರು ಹೆದರುವುದು ಒಂದೇ ಕಾರಣಕ್ಕೆ: ಗೈಡ್ ಮೇಲೆ ದೂರು ಕೊಟ್ಟರೆ ಥೀಸಿಸ್ ಗತಿಯೇನು? ಯುಜಿಸಿಯ 2015ರ ನಿಯಮದಲ್ಲಿ ಇದಕ್ಕೆ ಉತ್ತರವಿದೆ. ವಿಚಾರಣೆ ನಡೆಯುವಾಗಲೇ ಆರೋಪಿ ಅವಳ ಕೆಲಸದ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಈ ಒಂದು ಸಾಲು ಎಲ್ಲರಿಗೂ ತಿಳಿಸು. ವಿದ್ಯಾರ್ಥಿಗಳ ಪ್ರಕರಣದಲ್ಲಿ ಸಮಿತಿಯಲ್ಲಿ ಚುನಾಯಿತ ವಿದ್ಯಾರ್ಥಿ ಸದಸ್ಯರು ಮೂವರಿರಬೇಕು, ಒಬ್ಬರು ಸಂಶೋಧನಾ ವಿದ್ಯಾರ್ಥಿ. ನಿಮ್ಮಲ್ಲಿ ಆ ಒಬ್ಬರು ಯಾರು ಎಂದು ನಾಳೆಯೇ ವಿಚಾರಿಸು. ದೂರು ಕೊಡಬೇಕೋ ಬೇಡವೋ ಎಂದು ನೀನು ತೀರ್ಮಾನಿಸಬೇಡ, ಅದು ಅವಳದು. ನೀನು ತಾರೀಕು ಲೆಕ್ಕ ಹೇಳು, ಅವಳು ಹೋಗುವಾಗ ಜೊತೆಗೆ ನಡೆ.

ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಇಡೀ ಪಿಎಚ್.ಡಿ. ಅವಧಿಯಲ್ಲಿ 240 ದಿನದವರೆಗೆ ಇದೆ. ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ, ರಿಜಿಸ್ಟ್ರೇಶನ್ ಬಿಟ್ಟುಹೋಗುತ್ತಾರೆ.

ಯಾರಾದರೂ "ಸಾಕಾಗಿದೆ, ಬದುಕೋದು ಬೇಡ" ಅಂದರೆ ಬುದ್ಧಿ ಹೇಳಲು ಹೋಗಬೇಡ ಮಗಳೇ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳು. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತುಕೊಂಡವಳಿಗೆ ಹೇಳಲು ಬಾಯಿ ಸಿಗುತ್ತದೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ತಾಸೂ ಇದೆ, ಪುಕ್ಕಟೆ, ಮರಾಠಿ, ಹಿಂದಿ, ಕನ್ನಡ ಎಲ್ಲದರಲ್ಲೂ ಮಾತಾಡಬಹುದು. ನಿಮ್ಮ ಹೆಲ್ತ್ ಸೆಂಟರಿನ ಕೌನ್ಸೆಲರ್ ಯಾವ ದಿನ, ಎಷ್ಟು ಹೊತ್ತಿಗೆ ಇರುತ್ತಾರೆ, ರಾತ್ರಿ ಎರಡಕ್ಕೆ ಹಾಸ್ಟೆಲ್ ಗೇಟಿನ ಕೀಲಿ ಯಾರ ಹತ್ತಿರ, ಆಂಬುಲೆನ್ಸ್ ಒಳಗೆ ಯಾವ ಗೇಟಿನಿಂದ ಬರುತ್ತದೆ, ಇವು ನಿನಗೆ ಬಾಯಿಪಾಠ ಇರಬೇಕು. 108ಕ್ಕೆ ಫೋನ್ ಮಾಡಿದ ಮೇಲೆ ಬೀಗದ ಮುಂದೆ ಹತ್ತು ನಿಮಿಷ ಹೋಗಬಾರದು.

ಅಂಥ ರಾತ್ರಿ ಕಳೆದ ಮೇಲೆ ನೀನೂ ಯಾರಿಗಾದರೂ ಹೇಳಿಕೋ. ಎಷ್ಟೇ ಹೊತ್ತಾಗಿರಲಿ, ನನಗೆ ಫೋನ್ ಮಾಡು.

ಮನೆಯಲ್ಲಿರುವ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಆರು ಲೀಟರಿನದು, 40 ಜನರ ಚಹಾಕ್ಕೆ ಸರಿಹೋಗುತ್ತದೆ. ಬರುವ ಶನಿವಾರ ಅಪ್ಪ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತುತ್ತಾರೆ, ಪಾತ್ರೆಯ ಒಳಗೆ ಚಟ್ನಿಪುಡಿ, ಶೇಂಗಾ ಹೋಳಿಗೆ ಇಟ್ಟು ಕಳಿಸುತ್ತೇನೆ. ಸ್ಟೇಶನ್ನಿಗೆ ಬಾ, ಅವರ ಮೊಣಕಾಲು ನೋವು ಇನ್ನೂ ಕಡಿಮೆಯಾಗಿಲ್ಲ.

ನಿನ್ನ
ಅವ್ವ