ಎರಡನೇ ಡೋಸಿನ ಋಣ

ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿ ಹರಸಿದ, ಮನೆಗೇ ಬಂದು ಸಂತೋಷಪಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ. ನೆಂಟರು "ಯಾವುದರ ಮೇಲೆ ಸಂಶೋಧನೆ?" ಎಂದು ಕೇಳಿದಾಗಲೆಲ್ಲ "ಔಷಧ" ಅಂದಷ್ಟೇ ಹೇಳುತ್ತಿದ್ದೆ. ಇವತ್ತು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಅದನ್ನು ಹೇಳದೆ ನನ್ನ ಋಣ ಯಾರದ್ದೆಂದು ತಿಳಿಸಲಾಗದು.

ಔಷಧವನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಯೊಳಗಿಟ್ಟು ರಕ್ತಕ್ಕೆ ಬಿಡಬಹುದು, ಅದೇ ಲೈಪೋಸೋಮ್. ಬರಿಗುಳ್ಳೆಯನ್ನು ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಬೇಗನೆ ನುಂಗಿಬಿಡುತ್ತವೆ. ಅದಕ್ಕೇ ಅದರ ಮೈಗೆ ಪೆಗ್ ಎಂಬ ಪಾಲಿಮರಿನ ಎಳೆಗಳನ್ನು ಜೋಡಿಸುತ್ತಾರೆ. ಆ ಎಳೆಗಳು ಸುತ್ತಲೂ ನೀರನ್ನು ಹಿಡಿದಿಟ್ಟು ಗುಳ್ಳೆಯನ್ನು ಮರೆಮಾಡುತ್ತವೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾನ್ಸರ್ ಔಷಧ ಡಾಕ್ಸಿಲ್ ಕೆಲಸ ಮಾಡುವುದು ಹೀಗೆಯೇ.

ನನ್ನ ಇಲಿಗಳಲ್ಲಿ ಮೊದಲ ಡೋಸ್ ಚೆನ್ನಾಗಿಯೇ ಉಳಿಯಿತು. ವಾರದ ನಂತರ ಕೊಟ್ಟ ಎರಡನೆಯದು ರಕ್ತದಲ್ಲಿ ನಿಲ್ಲಲೇ ಇಲ್ಲ. ನನ್ನ ಗೈಡ್ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. 2000ದಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಪ್ರಕಟಿಸಿದ ಪ್ರಬಂಧವೊಂದನ್ನು ಕೈಗಿತ್ತು, "ಇದನ್ನು ಓದು, ಆಮೇಲೆ ಮಾತಾಡೋಣ" ಅಂದರು. ಅವರ ಇಲಿಗಳಲ್ಲೂ ಇದೇ ಆಗಿತ್ತು: ಮೊದಲ ಸಲ ನಾಲ್ಕು ಗಂಟೆಯ ಬಳಿಕ ಡೋಸಿನ ಅರ್ಧದಷ್ಟು ರಕ್ತದಲ್ಲಿತ್ತು, ವಾರದ ನಂತರ ಕೊಟ್ಟಾಗ ಶೇಕಡಾ ಒಂದೂ ಇರಲಿಲ್ಲ. ಮುಂದೆ ಜಪಾನಿನ ತೊಕುಶಿಮಾದಲ್ಲಿ ಇಶಿದಾ, ಕಿವಾದಾ ಅವರ ತಂಡ ಕಾರಣವನ್ನು ಬಿಡಿಸಿತು. ಮೊದಲ ಡೋಸನ್ನು ಕಂಡ ಗುಲ್ಮದ ಬಿ ಕೋಶಗಳು (ರೋಗನಿರೋಧಕ ವ್ಯವಸ್ಥೆಯ ಕೋಶಗಳು) ಪೆಗ್ ವಿರುದ್ಧ ಐಜಿಎಂ ಎಂಬ ಬಗೆಯ ಪ್ರತಿಕಾಯ ತಯಾರಿಸುತ್ತವೆ. ಎರಡನೇ ಡೋಸ್ ಬಂದ ಕೂಡಲೇ ಆ ಪ್ರತಿಕಾಯಗಳು ಗುಳ್ಳೆಗೆ ಅಂಟಿಕೊಂಡು, ಯಕೃತ್ತಿನ ಕೋಶಗಳಿಗೆ ಗುರುತು ಹಿಡಿದುಕೊಡುತ್ತವೆ. ಮರೆಮಾಡಲೆಂದು ಹಾಕಿದ ಪೆಗ್ಗೇ ಗುರುತಾಗುತ್ತದೆ!

ನನ್ನ ಮೊದಲ ನಮಸ್ಕಾರ ಈ ಎರಡೂ ತಂಡಗಳಿಗೆ. ಇಡೀ ಕ್ಷೇತ್ರ ನಂಬಿದ್ದ ಪೆಗ್ ವಿಷಯದಲ್ಲೇ ಬೇಡದ ಫಲಿತಾಂಶ ಬಂದಾಗ ಅದನ್ನು ಕಪಾಟಿನಲ್ಲಿ ಮುಚ್ಚಿಡದೆ ಬರೆದರು. ಇದು ಬರೀ ಇಲಿಗಳ ಕಥೆಯೂ ಅಲ್ಲ. ಗೌಟ್ ಎಂಬ ಕೀಲುಬೇನೆಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಪೆಗ್ ಜೋಡಿಸಿದ ಔಷಧ ಪೆಗ್ಲೋಟಿಕೇಸ್ ಎಷ್ಟೋ ರೋಗಿಗಳಲ್ಲಿ ಇಂಥದೇ ಪ್ರತಿಕಾಯಗಳಿಂದ ಪರಿಣಾಮ ಕಳೆದುಕೊಂಡಿತು. ಈಗ ಅದರ ಜೊತೆ ಮೆಥೊಟ್ರೆಕ್ಸೇಟ್ ಕೊಟ್ಟು ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿ ಇಡುತ್ತಾರೆ.

ಎನಿಮಲ್ ಹೌಸಿನ ಅಣ್ಣನಿಗೆ ಎಷ್ಟು ಹೇಳಿದರೂ ಸಾಲದು. ಹಬ್ಬದ ದಿನವೂ ಬಂದು ಇಲಿಗಳಿಗೆ ನೀರು, ಮೇವು ನೋಡಿಕೊಂಡರು. ಹೆದರಿದ ಇಲಿಯ ರಕ್ತದ ಲೆಕ್ಕವೇ ಬೇರೆ ಬರುತ್ತದೆಂದು ತೋರಿಸಿಕೊಟ್ಟು, ಅದನ್ನು ಅಂಗೈಯಲ್ಲಿ ಹೇಗೆ ಹಿಡಿಯಬೇಕೆಂದು ಕಲಿಸಿದರು. ನನ್ನ ಪ್ರಬಂಧದ ಒಂದೊಂದು ಗ್ರಾಫಿನ ಹಿಂದೆಯೂ ಅವರ ಕೈ ಇದೆ. ಜೀವ ಕೊಟ್ಟ ಆ ಪ್ರಾಣಿಗಳಿಗೂ ತಲೆಬಾಗುತ್ತೇನೆ.

ಅಪ್ಪ, ಅಮ್ಮ, ತಡರಾತ್ರಿ ಬಾಗಿಲು ತೆರೆದ ಹಾಸ್ಟೆಲ್ ಗೆಳತಿಯರು, ನಿಮಗೆ ಗೊತ್ತೇ ಇದೆ.

ಪೆಗ್ ಮೇಲೆ ಕೆಲಸ ಶುರು ಮಾಡುತ್ತಿರುವ ಕಿರಿಯರೇ, ನನ್ನ ಎರಡನೇ ಡೋಸಿನ ಅಂಕಿಗಳೆಲ್ಲ, ಕೈಕೊಟ್ಟ ಬ್ಯಾಚುಗಳದ್ದೂ ಸೇರಿ, ಜೋಡಿಸಿಟ್ಟಿದ್ದೇನೆ. ಸಂಕೋಚವಿಲ್ಲದೆ ಕೇಳಿ, ಕೊಡುತ್ತೇನೆ.