ಬಸುರಿಯ ತಟ್ಟೆಯಲ್ಲಿ ಯಾವ ಎಣ್ಣೆ? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಧಾರವಾಡ ಜಿಲ್ಲೆಯ ನಿವೃತ್ತ ಗೃಹವಿಜ್ಞಾನ ಉಪನ್ಯಾಸಕಿ. ನನ್ನ ಸೊಸೆಗೆ ಈಗ ಏಳು ತಿಂಗಳು. ಮಧ್ಯಾಹ್ನ ಅವಳೊಂದಿಗೆ ಅಂಗನವಾಡಿಗೆ ಹೋಗಿ ಕೂತಿರುತ್ತೇನೆ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. 2017ರ ಅಕ್ಟೋಬರ್ 2ರಂದು ಶುರುವಾದ ಸರ್ಕಾರದ ಮಾತೃಪೂರ್ಣ ಊಟದ ಯೋಜನೆ ಎಷ್ಟೋ ಬಸುರಿಯರಿಗೆ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಿಸಿದೆ. ಅದಕ್ಕೆ ಕೈ ಮುಗಿಯುತ್ತೇನೆ. ನಾನು ಕೇಳುತ್ತಿರುವುದು ಆ ತಟ್ಟೆಯ ಕೊಬ್ಬಿನ ಬಗ್ಗೆ.

ಮಿದುಳಿನ ನೀರಿನಂಶ ಕಳೆದರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ನರಕೋಶದ ಪೊರೆಗೆ ಡಿಎಚ್‌ಎ ಎಂಬ ಒಮೆಗಾ-3 ಬಗೆಯ ಕೊಬ್ಬು ಬೇಕೇ ಬೇಕು. ಕೊನೆಯ ಮೂರು ತಿಂಗಳಲ್ಲಿ ಕೂಸು ಅದನ್ನು ತಾಯಿಯ ರಕ್ತದಿಂದ ಭರದಿಂದ ಎಳೆದುಕೊಳ್ಳುತ್ತದೆ. ನಾವು ಬಳಸುವ ಸೂರ್ಯಕಾಂತಿ, ಶೇಂಗಾ, ತಾಳೆ ಎಣ್ಣೆಗಳಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ.

ಅದರ ಗುಳಿಗೆ ಹಂಚಿ ಎನ್ನುತ್ತಿಲ್ಲ. ಬೆಳಗಾವಿಯಲ್ಲೇ ಬಸುರಿಯರಿಗೆ ದಿನಕ್ಕೆ 400 ಮಿಲಿಗ್ರಾಂ ಡಿಎಚ್‌ಎ ಕೊಟ್ಟು ಸಂಶೋಧಕರು ನೋಡಿದ್ದಾರೆ. ವರ್ಷ ತುಂಬಿದ ಮಕ್ಕಳ ಮಿದುಳಿನ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಗುಳಿಗೆ ನುಂಗಿದರೆ ಮಗು ಜಾಣವಾಗುತ್ತದೆ ಎಂದು ಯಾರೂ ಮಾತು ಕೊಡಬಾರದು. ಆದರೆ ಒಮೆಗಾ-3 ಹೆಚ್ಚಿದಾಗ ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕಾಕ್ರೇನ್ ಪರಿಶೀಲನೆ ಕಂಡುಕೊಂಡಿದೆ. ಮುಂಚೆ ಹುಟ್ಟಿದ ಕೂಸಿಗೆ ಆ ಕೊನೆಯ ತಿಂಗಳುಗಳೇ ತಪ್ಪಿಹೋಗುತ್ತವೆ.

ಆದ್ದರಿಂದ ಊಟವನ್ನೇ ತಿದ್ದಿ. ಕರಾವಳಿಯಲ್ಲಿ ತಿನ್ನುವವರಿಗೆ ವಾರಕ್ಕೆರಡು ಸಲ ಬೂತಾಯಿಯೋ ಬಂಗುಡೆಯೋ ಸಿಗಲಿ. ಈ ಅಗ್ಗದ ಮೀನುಗಳಲ್ಲಿ ಡಿಎಚ್‌ಎ ನೇರವಾಗಿ ಇದೆ. ನಮ್ಮ ಕಡೆ ಅಗಸಿ ಇದೆ. ಬಾಣಲೆಯಲ್ಲಿ ಚಟಪಟ ಸಿಡಿಯುವವರೆಗೆ ಹುರಿದು, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿದ ಚಟ್ನಿಪುಡಿಯನ್ನು ನನ್ನ ಅತ್ತೆ ರೊಟ್ಟಿಯ ಮೇಲೆ ಹಾಕದೆ ಊಟಕ್ಕೆ ಕರೆಯುತ್ತಲೇ ಇರಲಿಲ್ಲ. ಅಗಸಿ ಎಣ್ಣೆಯ ಅರ್ಧದಷ್ಟು ಇನ್ನೊಂದು ಬಗೆಯ ಒಮೆಗಾ-3. ದೇಹ ಅದರಲ್ಲಿ ಅಲ್ಪ ಭಾಗವನ್ನಷ್ಟೇ ಡಿಎಚ್‌ಎ ಮಾಡಿಕೊಳ್ಳುತ್ತದೆ, ನಿಜ. ಏನೂ ಇಲ್ಲದ ತಟ್ಟೆಗಿಂತ ಅದು ಮೇಲು. ಎಷ್ಟು ಚಮಚ ಎಂಬುದನ್ನು ಆಹಾರ ತಜ್ಞರು ನಿಗದಿಪಡಿಸಲಿ. ವನಸ್ಪತಿ (ಡಾಲ್ಡಾ) ಮಾತ್ರ ಯಾವ ಅಂಗನವಾಡಿಯ ಒಲೆಯ ಹತ್ತಿರವೂ ಸುಳಿಯಬಾರದು.

ಇನ್ನೊಂದು ಮಾತು. ನನ್ನ ಸೊಸೆಯ ಪಕ್ಕ ಕೂರುವ ಹುಡುಗಿ ಮೊಟ್ಟೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುತ್ತಾಳೆ, ಮನೆಯಲ್ಲಿರುವ ಮಗುವಿಗೆ. ಮೊಟ್ಟೆಯ ಹಳದಿಯಲ್ಲಿರುವ ಕೋಲಿನ್ ಎಂಬ ಪೋಷಕಾಂಶ ಮತ್ತು ತುಸು ಡಿಎಚ್‌ಎ ಹೊಟ್ಟೆಯಲ್ಲಿರುವ ಕೂಸಿಗೂ ಬೇಕು. ಅವಳಿಗೆ ಎರಡು ಮೊಟ್ಟೆ ಕೊಡಿಸಿ.

ಇಂತಿ,
ಧಾರವಾಡ ಜಿಲ್ಲೆಯ ಒಬ್ಬ ಅಜ್ಜಿಯಾಗಲಿರುವವಳು